ಸೋಮನಾಥಪುರಕ್ಕಿಂತ ದೊಡ್ಡಗದ್ದವಳ್ಳಿ ವಾಸಿ

ಸೋಮನಾಥಪುರದ ಗುಡಿ ನೋಡಿ ಲೆಗೋದಲ್ಲಿ ಮಾಂತ್ರಿಕನ ಕೋಟೆ ಕಟ್ಟುತ್ತಿದ್ದೀನಿ, ನಕ್ಷತ್ರದ ಮೂಲೆಗಳು ಕೂರುತ್ತಿಲ್ಲ ಅಂತ ಕೇಳಿದ್ದೀರಲ್ವಾ? ಕೂರೋದು ಕಷ್ಟವೇ. ಆ ಗುಡಿಯ 16 ಮೂಲೆಯ ನಕ್ಷತ್ರದ ಆಕಾರ ಬರೋದು ಒಂದೇ ಚೌಕವನ್ನು 22.5 ಡಿಗ್ರಿಯಂತೆ ತಿರುಗಿಸುತ್ತಾ ಹೋದಾಗ, ಆದರೆ ಲೆಗೋ ಸ್ಟಡ್‌ಗಳು, ಅಂದರೆ ಇಟ್ಟಿಗೆ ಮೇಲಿನ ಗುಂಡನೆ ಗುಬುಟುಗಳು, ಇರೋದು ನೆಟ್ಟಗೆ ಸಾಲಾಗಿ. ಶಿಖರಕ್ಕೆ ಮಾತ್ರ ಒಂದು ಉಪಾಯ ಇದೆ: ನಡುವೆ ಒಂದೇ ಸ್ಟಡ್ ಇಟ್ಟು, ಅದರ ಮೇಲೆ ಚೌಕದ ಪ್ಲೇಟುಗಳನ್ನು (ತೆಳು ಲೆಗೋ ತುಂಡುಗಳು) ಒಂದೊಂದಾಗಿ ತಿರುಗಿಸಿ ಪೇರಿಸಿ. ಗೋಡೆಗೆ ಇದು ನಿಲ್ಲಲ್ಲ, ಬಾಗಿಲ ಕೀಲಿನಂತೆ ತಿರುಗುವ ಹಿಂಜ್ ತುಂಡುಗಳು ಬೇಕಾಗುತ್ತೆ, ತಲೆನೋವು ಜಾಸ್ತಿ.

ನನ್ನ ಕೇಳಿದರೆ ಹಾಸನದ ಹತ್ತಿರದ ದೊಡ್ಡಗದ್ದವಳ್ಳಿ ಲಕ್ಷ್ಮೀದೇವಿ ಗುಡಿಯ ಫೋಟೋ ತೆಗೆದು ನೋಡಿ. ಹೊಯ್ಸಳರ ಕಾಲದ್ದೇ, 12ನೇ ಶತಮಾನದ ಶುರುವಿನದು. ನಾಲ್ಕು ಗರ್ಭಗುಡಿ, ಅದರಲ್ಲಿ ಮೂರರ ಮೇಲೆ ಕದಂಬ ಶೈಲಿಯ ಶಿಖರ, ಅಂದರೆ ಕೆತ್ತನೆ ಕಡಿಮೆ, ಬರೀ ಮೆಟ್ಟಿಲು ಮೆಟ್ಟಿಲಾಗಿ ಚಿಕ್ಕದಾಗುತ್ತಾ ಹೋಗುವ ಚಪ್ಪಟೆ ಪದರಗಳು. ಲೆಗೋ ಪ್ಲೇಟಿಗೆ ಹೇಳಿ ಮಾಡಿಸಿದ ಹಾಗಿದೆ! ಮೂರು ಪ್ಲೇಟು ಸೇರಿದರೆ ಒಂದು ಇಟ್ಟಿಗೆಯ ಎತ್ತರ, ಹಾಗಾಗಿ ಪದರಗಳು ತೆಳುವಾಗೇ ಬರುತ್ತವೆ. ಬಣ್ಣ ಕಡು ಬೂದು ಸಾಕು, ನಡುವೆ ಸ್ವಲ್ಪ ಹಸಿರು ಸೇರಿಸಿದರೆ ಪಾಚಿ ಹಿಡಿದ ಹಾಗೆ ಕಾಣುತ್ತೆ.

ಇನ್ನು ಮಾಂತ್ರಿಕ ಕಳೆ ಬೇಕಂದರೆ, ಅಲ್ಲಿನ ಕಾಳಿ ಗುಡಿಯ ಬಾಗಿಲ ಪಕ್ಕದಲ್ಲಿ ಮೂಳೆ ಎದ್ದು ಕಾಣುವ ಬೇತಾಳಗಳು ನಿಂತಿವೆ. ಲೆಗೋ ಅಸ್ಥಿಪಂಜರ ಬೊಂಬೆ ಎರಡನ್ನು ಬಾಗಿಲಿಗೆ ನಿಲ್ಲಿಸಿ, ಕೆಲಸ ಮುಗೀತು.