ಹೆಸರು ಮಾಡಿದ್ದು ಜಿಎಸ್‌ಎಕ್ಸ್-ಆರ್750, ನಾನು ಹೊರತೆಗೆಯುವುದು ಎಫ್‌ಝಡ್750

1985ರ ಸುಜುಕಿ ಜಿಎಸ್‌ಎಕ್ಸ್-ಆರ್750 ಮತ್ತು ಅದೇ ವರ್ಷದ ಯಮಹಾ ಎಫ್‌ಝಡ್750, ಈ ಎರಡು ಹಳೆಯ ಬೈಕುಗಳಲ್ಲಿ ಯಾವುದನ್ನು ಕೊಳ್ಳಲಿ ಎಂದು ಕೇಳಿದ್ದೀರಿ. ಎರಡನ್ನೂ ವರ್ಷಗಟ್ಟಲೆ ಓಡಿಸಿದ್ದೇನೆ, ಬಿಚ್ಚಿ ಜೋಡಿಸಿದ್ದೇನೆ. ಯಮಹಾ ತೆಗೆದುಕೊಳ್ಳಿ. ಸುಜುಕಿ ಅಭಿಮಾನಿಗಳು ಮುಗಿಬೀಳುತ್ತಾರೆಂದು ಗೊತ್ತಿದ್ದೇ ಹೇಳುತ್ತಿದ್ದೇನೆ.

ಸುಜುಕಿಯ ಹಿರಿಮೆಯೆಲ್ಲ ಹಗುರತನದಲ್ಲಿದೆ. ಅಲ್ಯೂಮಿನಿಯಂ ಚಾಸಿ, ಕಂಪನಿ ಹೇಳಿಕೊಂಡ ಒಣತೂಕ, ಅಂದರೆ ಪೆಟ್ರೋಲ್, ಆಯಿಲ್ ತುಂಬದ ತೂಕ, 176 ಕೆ.ಜಿ. ಉಕ್ಕಿನ ಚಾಸಿಯ ಯಮಹಾ 209 ಕೆ.ಜಿ. ನೀರು, ರೇಡಿಯೇಟರ್‌ಗಳ ಭಾರವೇ ಬೇಡವೆಂದು ಸುಜುಕಿಯವರು ಗಾಳಿಯ ಜೊತೆ ಎಂಜಿನ್ ಆಯಿಲನ್ನೇ ತಂಪು ಮಾಡುವ ಕೆಲಸಕ್ಕೆ ಹಚ್ಚಿದರು. ಸಣ್ಣ ನಳಿಕೆಗಳು ಪಿಸ್ಟನ್‌ಗಳ ಅಡಿಗೆ ಆಯಿಲ್ ಚಿಮ್ಮಿಸುತ್ತವೆ, ಸಿಲಿಂಡರ್ ಹೆಡ್ ಮೇಲೆ ಅದು ಧಾರಾಳವಾಗಿ ಹರಿಯುತ್ತದೆ. ಓಡಿಸಿ ನಿಲ್ಲಿಸಿದ ಮೇಲೆ ಎಂಜಿನ್ನಿನ ತೆಳು ರೆಕ್ಕೆಗಳು ಟಿಕ್ ಟಿಕ್ ಎನ್ನುತ್ತಾ ಆರುವುದನ್ನು ಕೇಳುತ್ತಾ ಎಷ್ಟೋ ಸಲ ಹೆಲ್ಮೆಟ್ ಕೈಯಲ್ಲಿ ಹಿಡಿದು ಸುಮ್ಮನೆ ನಿಂತಿದ್ದೇನೆ.

ಆದರೆ 7,000 ಆರ್‌ಪಿಎಂಗಿಂತ ಕೆಳಗೆ ಅದಕ್ಕೆ ಜೀವವೇ ಇರುವುದಿಲ್ಲ. ಮುಂದಿರುವ ಲಾರಿಯನ್ನು ದಾಟಬೇಕೆಂದರೆ ಎರಡು ಗೇರ್ ಇಳಿಸಿಕೊಳ್ಳಬೇಕು. ಮೊದಲ ವರ್ಷದ ಗಾಡಿಗಳು ಅತಿವೇಗದಲ್ಲಿ ತುಯ್ದಾಡುತ್ತಿದ್ದವು. 1986ರಲ್ಲಿ ಸ್ವಿಂಗ್ ಆರ್ಮ್, ಅಂದರೆ ಹಿಂದಿನ ಚಕ್ರವನ್ನು ಹಿಡಿದಿಡುವ ತೋಳನ್ನು, ಉದ್ದ ಮಾಡಿದರು. ಹಟ ಹಿಡಿದು ಸುಜುಕಿಯನ್ನೇ ಕೊಳ್ಳುವಿರಾದರೆ ಆ ವರ್ಷದ್ದನ್ನು ಹುಡುಕಿ.

ಯಮಹಾ ಬಂದಾಗ ಎಲ್ಲರ ಕಣ್ಣು ಬಿದ್ದದ್ದು ಸಿಲಿಂಡರಿನೊಳಗೆ ಮಿಶ್ರಣ ಬಿಟ್ಟು ಹೊಗೆ ಹೊರಹಾಕುವ ವಾಲ್ವ್‌ಗಳ ಮೇಲೆ: ಒಂದು ಸಿಲಿಂಡರಿಗೆ ಐದು, ಒಟ್ಟು ಇಪ್ಪತ್ತು. ಅದು ಅಷ್ಟು ದೊಡ್ಡ ಸಂಗತಿ ಎಂದು ನನಗೆ ಎಂದೂ ಅನ್ನಿಸಿಲ್ಲ. 2007ರ ಆರ್1 ಎಂಬ ಸ್ಪೋರ್ಟ್ಸ್ ಬೈಕಿನಲ್ಲಿ ಯಮಹಾದವರೇ ನಾಲ್ಕಕ್ಕೆ ಮರಳಿದರಲ್ಲ! ನಿಜವಾದ ಜಾಣತನ ಸಿಲಿಂಡರುಗಳನ್ನು 45 ಡಿಗ್ರಿ ಮುಂದಕ್ಕೆ ಬಾಗಿಸಿದ್ದರಲ್ಲಿದೆ. ಕಾರ್ಬ್ಯುರೇಟರುಗಳು ಮೇಲೆ ಬಂದು, ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಹೆಚ್ಚು ತಿರುವಿಲ್ಲದೆ ಒಳಗಿಳಿಯುತ್ತದೆ. ಟ್ಯಾಂಕಿನ ಭಾರವೂ ಕೆಳಗಿಳಿದು ಕೂರುತ್ತದೆ. ಕಡಿಮೆ ಆರ್‌ಪಿಎಂನಲ್ಲೂ ಎಂಜಿನ್ ಕೇಳಿದಷ್ಟು ಎಳೆಯುತ್ತದೆ. ಇಡೀ ದಿನ ಓಡಿಸಿದರೂ ಮಣಿಕಟ್ಟು ಬೈಯುವುದಿಲ್ಲ. ಹಾಗೆಂದು ಇದು ಮೆತ್ತನೆಯ ಗಾಡಿಯಲ್ಲ: ಅಮೆರಿಕದ ಹೆಸರಾಂತ ಬೈಕ್ ರೇಸ್ ಡೇಟೋನಾ 200ನ್ನು 1986ರಲ್ಲಿ ರೇಸರ್ ಎಡ್ಡಿ ಲಾಸನ್ ಗೆದ್ದದ್ದು ಎಫ್‌ಝಡ್750 ಮೇಲೆಯೇ. ಸುಜುಕಿಗೆ ಆ ಗೆಲುವನ್ನು ಕೆವಿನ್ ಶ್ವಾಂಟ್ಸ್ ತಂದುಕೊಟ್ಟದ್ದು 1988ರಲ್ಲಿ.

ನೋಡಲು ಹೋದಾಗ ಒಂದು ಸಣ್ಣ ಪರೀಕ್ಷೆ ಮಾಡಿ. ಎಂಜಿನ್ ಐಡಲಿಂಗ್‌ನಲ್ಲಿರುವಾಗ, ಕಾರ್ಬ್ಯುರೇಟರ್ ಎಂಜಿನ್ನಿಗೆ ಕೂಡುವ ರಬ್ಬರ್ ತುಂಡುಗಳ ಸುತ್ತ ಸ್ವಲ್ಪ ನೀರು ಸಿಂಪಡಿಸಿ. ಸದ್ದು ಬದಲಾದರೆ ರಬ್ಬರ್ ಬಿರುಕು ಬಿಟ್ಟು ಗಾಳಿ ಎಳೆಯುತ್ತಿದೆ ಎಂದರ್ಥ. ನನ್ನ ಗಾಡಿಯಲ್ಲಿ ಇದು ಗೊತ್ತಾಗದೆ ನಾಲ್ಕೂ ಕಾರ್ಬ್ಯುರೇಟರುಗಳನ್ನು ಮೂರು ಸಲ ಬಿಚ್ಚಿ ತೊಳೆದಿದ್ದೆ.

ಯಮಹಾದಲ್ಲಿ ನನಗೆ ತಲೆನೋವಾಗಿರುವುದು ಮುಂದಿನ 16 ಇಂಚಿನ ಚಕ್ರ. ಅದಕ್ಕೊಪ್ಪುವ ಒಳ್ಳೆಯ ಟೈರ್ ಸಿಗುವುದು ಕಷ್ಟ. ಮುಂಗಡ ಕೊಡುವ ಮೊದಲು ಟೈರ್ ಎಲ್ಲಿ ಸಿಗುತ್ತದೆಂದು ವಿಚಾರಿಸಿಕೊಳ್ಳಿ.