ಅಜ್ಜನ ಬೇವು ಈಗ ಯಾಕೆ ಒಣಗಿತು?

ಪ್ರಶ್ನೆ: ನಮ್ಮ ಹೊಲದ ಬದುವಿನಲ್ಲಿ ಅಜ್ಜ ಹಚ್ಚಿದ ಬೇವಿನ ಮರ ಇತ್ತು. 1972ರ ಬರದಲ್ಲಿ ಬಾವಿ ಬತ್ತಿದರೂ ಅದಕ್ಕೆ ಏನೂ ಆಗಲಿಲ್ಲವಂತೆ. ಈ ಬೇಸಿಗೆಯಲ್ಲಿ ನಿಂತಲ್ಲೇ ಒಣಗಿತು. ಆಗಿನಂಥ ಬರ ಈಗೇನಿಲ್ಲವಲ್ಲ? (ಆಳಂದ ತಾಲೂಕಿನ ಓದುಗರು)

ಮೊದಲು ಕೊಂಬೆಯ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿ. ಒಳಗೆ ಹಸಿರು ಕಂಡರೆ ಜೀವ ಇದೆ, ಕೊಡಲಿ ತರಬೇಡಿ. ಮಳೆಗಾಲ, ಚಳಿಗಾಲದಲ್ಲಿ ಬರೀ ತುದಿಗಳು ಸುಟ್ಟ ಹಾಗೆ ಆಗಿದ್ದರೆ ಅದು ಶಿಲೀಂಧ್ರದ ಕಾಟ, ಸಾಮಾನ್ಯವಾಗಿ ಮರ ಮತ್ತೆ ಚಿಗುರುತ್ತದೆ. ಬುಡದವರೆಗೂ ಕೆರೆದರೂ ಕಂದೇ ಇದ್ದರೆ ಹೋಯಿತು ಅಂತಲೇ ಲೆಕ್ಕ.

ಹಾಗಾಗಿದ್ದರೆ ಮಳೆಯ ಜೊತೆ ಬಿಸಿಲನ್ನೂ ಲೆಕ್ಕಕ್ಕೆ ತಗೊಳ್ಳಿ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿದುಕೊಳ್ಳಬಲ್ಲ ತೇವ ಸುಮಾರು ಶೇ 7ರಷ್ಟು ಜಾಸ್ತಿಯಾಗುತ್ತದೆ. ಆ ತೇವವನ್ನು ಮಣ್ಣಿನಿಂದ, ಎಲೆಯಿಂದ ಹೀರುತ್ತದೆ. ನೀರು ಉಳಿಸಲು ಮರ ಎಲೆಯ ಸಣ್ಣ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ, ಆದರೆ ಊಟ ತಯಾರಿಸಲು ಬೇಕಾದ ಗಾಳಿ ಒಳಗೆ ಬರೋದೂ ಅಲ್ಲಿಂದಲೇ ಅಲ್ವಾ, ಹಾಗಾಗಿ ಮುಚ್ಚಿದರೆ ಹಸಿವು, ತೆರೆದರೆ ನೀರಡಿಕೆ. ಬೇರಿಗೆ ನೀರು ಸಿಗದೆ ಎಲೆ ಎಳೆಯುತ್ತಲೇ ಇದ್ದರೆ ಕಾಂಡದೊಳಗಿನ ನೀರಿನ ಎಳೆ ತುಂಡಾಗಿ ಗಾಳಿಗುಳ್ಳೆ ಸೇರುತ್ತದೆ. ಪಂಪ್‌ಸೆಟ್ ಗಾಳಿ ಹಿಡಿದಾಗ ಏನಾಗುತ್ತದೆ ಗೊತ್ತಲ್ಲ? ಮೋಟಾರು ತಿರುಗುತ್ತದೆ, ನೀರು ಬರೋದಿಲ್ಲ.

ನಮ್ಮ ಎರೆ ಹೊಲ ಇದರ ಮೇಲೆ ಇನ್ನೊಂದು ಏಟು ಕೊಡುತ್ತದೆ. ಒಣಗಿದಾಗ ಕೈ ಹೋಗುವಷ್ಟು ಬಿರುಕು ಬಿಟ್ಟು ಸಣ್ಣ ಬೇರುಗಳನ್ನು ಹರಿದು ಹಾಕುತ್ತದೆ. ಉಳಿದ ಹಸಿಯನ್ನೂ ಜಿಪುಣನ ಹಾಗೆ ಬಿಗಿಯಾಗಿ ಹಿಡಿದಿರುತ್ತದೆ.

ನಿಮ್ಮ ಪ್ರಶ್ನೆ ಅಮೆರಿಕದಲ್ಲೂ ಬಂದಿತ್ತು. ನ್ಯೂ ಮೆಕ್ಸಿಕೊ ಕಡೆ 2002-03ರಲ್ಲಿ ಪಿನ್ಯಾನ್ ಎಂಬ ಪೈನ್ ಮರಗಳು ರಾಶಿಗಟ್ಟಲೆ ಸತ್ತವು, ವಿಜ್ಞಾನಿಗಳು ಎಣಿಸಿದ ಒಂದು ಜಾಗದಲ್ಲಂತೂ ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ. 1950ರ ದಶಕದ ಬರದಲ್ಲಿ ಅಲ್ಲಿ ಮಳೆ ಇನ್ನೂ ಕಮ್ಮಿ ಇತ್ತು, ಆದರೂ ಇಷ್ಟು ಮರ ಸತ್ತಿರಲಿಲ್ಲ. ಎರಡನೇ ಸಲ ಬರದ ಜೊತೆ ಸೆಕೆಯೂ ಹೆಚ್ಚಿತ್ತು. ಸೊರಗಿದ ಮರಗಳನ್ನು ತೊಗಟೆ ಕೊರೆಯುವ ಹುಳ ಮುಗಿಸಿತು. ಇನ್ನು ನಿಮ್ಮ ಹೊಲದ ಸುತ್ತ ಎಷ್ಟು ಬೋರ್‌ವೆಲ್ ಇವೆ ಅಂತಲೂ ಎಣಿಸಿ. 1972ರಲ್ಲಿ ಆ ಬೇವಿನ ನೀರಿಗೆ ಇಷ್ಟು ಜನ ಪಾಲುದಾರರು ಇರಲಿಲ್ಲ.

ಪ್ರಶ್ನೆ: ಎಲ್ಲ ಒಣಗಿದರೂ ಬಳ್ಳಾರಿ ಜಾಲಿ ಮಾತ್ರ ಹಸಿರಾಗಿರುತ್ತದೆ, ಹೇಗೆ? (ಸುರಪುರ)

ಬೇರಿನ ಬಲದಿಂದ. ಅರಿಜೋನಾದ ಒಂದು ಗಣಿಯಲ್ಲಿ ಈ ಬಳಗದ ಗಿಡದ ಬೇರು 50 ಮೀಟರಿಗೂ ಆಳದಲ್ಲಿ ಸಿಕ್ಕ ದಾಖಲೆ ಇದೆ. ಕಾಯಿ ತಿಂದ ಕುರಿ, ದನಗಳು ಬೀಜವನ್ನು ಗೊಬ್ಬರ ಸಮೇತ ಊರೆಲ್ಲ ಬಿತ್ತುತ್ತವೆ. ಹೋದ ಬೇವಿನ ಜಾಗಕ್ಕೆ ಮೊದಲು ಬರೋದು ಇದೇ. ಉರುವಲಿಗೆ ಒಳ್ಳೆಯದು, ಒಪ್ಪುತ್ತೇನೆ, ಆದರೆ ಹೊಲಕ್ಕೆ ಒಮ್ಮೆ ನುಗ್ಗಿದರೆ ಕಿತ್ತು ಕಿತ್ತು ಸಾಕಾಗುತ್ತದೆ.

ಪ್ರಶ್ನೆ: ಸೆಕೆ ಹೆಚ್ಚಾದರೆ ಗಿಡಗಳು ತಂಪು ಜಾಗಕ್ಕೆ ಸರಿಯುತ್ತವೆ ಅಂತ ಓದಿದೆ. ಗಿಡ ಹೇಗೆ ಸರಿಯುತ್ತದೆ? (ಬೀದರ್)

ಗಿಡ ಸರಿಯೋದಿಲ್ಲ, ಬೀಜ ಸರಿಯುತ್ತದೆ. ಹಕ್ಕಿಯೋ ಗಾಳಿಯೋ ಒಯ್ದ ಬೀಜ ತಂಪು ಕಡೆ ಮೊಳೆತು ಉಳಿಯುತ್ತದೆ, ಬಿಸಿ ಕಡೆ ಮೊಳೆತದ್ದು ಸಾಯುತ್ತದೆ. ಹೀಗೆ ತಲೆಮಾರುಗಳು ಕಳೆದ ಮೇಲೆ ಇಡೀ ಜಾತಿಯೇ ಜಾಗ ಬದಲಿಸಿದ ಹಾಗೆ ಕಾಣುತ್ತದೆ. ನೂರು ಮೀಟರ್ ಮೇಲೆ ಹತ್ತಿದರೆ ಸುಮಾರು ಅರ್ಧ ಡಿಗ್ರಿಗಿಂತ ಸ್ವಲ್ಪ ಜಾಸ್ತಿ ತಂಪು. ಕಲಬುರಗಿ ಸುಮಾರು 450 ಮೀಟರ್ ಎತ್ತರದಲ್ಲಿದೆ, ನಿಮ್ಮ ಬೀದರ್ ಅದಕ್ಕಿಂತ ಇನ್ನೂರು ಮೀಟರಿಗೂ ಮೇಲೆ. ಅಂದರೆ ಕಲಬುರಗಿಯ ಗಿಡಕ್ಕೆ ಬೀದರ್ ಇದೆ, ಬೀದರಿನ ಗಿಡ ಎಲ್ಲಿಗೆ ಹತ್ತಬೇಕು?

ಇನ್ನೊಂದು ಮಾತು. ದೊಡ್ಡ ಮರ ನೋಡಿ ಸಮಾಧಾನ ಪಡಬೇಡಿ. ಅದು ಬೇರೂರಿದ್ದು ಹಳೆಯ ಕಾಲದ ಮಳೆಯಲ್ಲಿ. ಚಿಂಚೋಳಿ ಕಾಡಿಗೆ ಹೋದಾಗ ಮರದ ಬುಡದಲ್ಲಿ ಮೊಣಕಾಲೆತ್ತರದ ಮರಿಗಿಡ ಇದೆಯಾ ಅಂತ ಬಗ್ಗಿ ನೋಡಿ. ಬೇವಿನ ಬೀಜ ಬಿದ್ದ ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಮುಂಗಾರು ತಡವಾದರೆ ಆ ವರ್ಷದ ಬೀಜವೆಲ್ಲ ದಂಡ.

ಪ್ರಶ್ನೆ: ಮೇ ತಿಂಗಳಲ್ಲಿ ಹುಣಸೆ ಸಸಿ ಹಚ್ಚಿ ದಿನಾ ಒಂದು ಚೊಂಬು ನೀರು ಹಾಕಿದೆ. ಆದರೂ ಸತ್ತಿತು. (ಯಾದಗಿರಿ)

ಮೇ ತಿಂಗಳಲ್ಲಿ ಯಾಕೆ ಹಚ್ಚಿದಿರಿ! ಮಳೆ ಹಿಡಿದ ಮೇಲೆ ಹಚ್ಚಿ. ದಿನಾ ಒಂದು ಚೊಂಬು ಹಾಕಿದರೆ ಮಣ್ಣಿನ ಮೇಲ್ಪದರ ಮಾತ್ರ ನೆನೆಯುತ್ತದೆ, ಬೇರೂ ಅಲ್ಲೇ ಉಳಿದು ಬಿಸಿಲಿಗೆ ಬೇಯುತ್ತದೆ. ಮಳೆ ಕೈಕೊಟ್ಟಾಗ ವಾರಕ್ಕೆ ಎರಡು ಸಲ ಒಂದೊಂದು ಕೊಡ ನಿಧಾನವಾಗಿ ಇಂಗಿಸಿ, ಬುಡಕ್ಕೆ ತೊಗರಿ ಹೊಟ್ಟು ಮುಚ್ಚಿ. ಮೇಕೆ ಬಾರದ ಹಾಗೆ ಮುಳ್ಳು ಕಟ್ಟೋದು ಮರೆಯಬೇಡಿ.