ಗೃಹಲಕ್ಷ್ಮಿ ಹಣ ನಿಂತಿದೆ, ಶಾಲೆಯ ಶೌಚಾಲಯ ಕೆಟ್ಟಿದೆ. ಪಂಚಾಯಿತಿ ಸದಸ್ಯರು ‘ಮಾಡಿಸುತ್ತೇನೆ’ ಎಂದಿದ್ದಾರೆ. ನಾವೇನು ಮಾಡಬೇಕು?

ಗೃಹಲಕ್ಷ್ಮಿಯ 2,000 ರೂಪಾಯಿ ಪಂಚಾಯಿತಿಯಿಂದ ಬರುವುದಲ್ಲ. ಅದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಯೋಜನೆ. ತಾಲ್ಲೂಕಿನಲ್ಲಿ ವಿಚಾರಿಸಬೇಕಾದದ್ದು ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ. ಸದಸ್ಯರು ಜೊತೆಗೆ ಬಂದು ಕೇಳಬಹುದು, ಅಷ್ಟೇ.

ಅಲ್ಲಿಗೆ ಹೋಗುವ ಮೊದಲು ಮೈಆಧಾರ್ ಜಾಲತಾಣದಲ್ಲಿ ‘ಬ್ಯಾಂಕ್ ಸೀಡಿಂಗ್’ ಸ್ಥಿತಿ, ಅಂದರೆ ಸರ್ಕಾರದ ಹಣ ಬರಲು ಆಧಾರ್‌ಗೆ ಯಾವ ಖಾತೆ ಜೋಡಣೆಯಾಗಿದೆ ಎಂದು ನೋಡಿ. ಹೆಚ್ಚಿನವರು ಎಡವುವುದು ಇಲ್ಲೇ. ಕೆವೈಸಿಗೆ (ಗುರುತಿನ ಪರಿಶೀಲನೆಗೆ) ಆಧಾರ್ ಕೊಟ್ಟ ಮಾತ್ರಕ್ಕೆ ಖಾತೆ ಸೀಡ್ ಆಗುವುದಿಲ್ಲ. ನೇರ ನಗದು ವರ್ಗಾವಣೆಗೆ ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಮ್ಯಾಪಿಂಗ್, ಅಂದರೆ ನಿಗಮದ ದಾಖಲೆಯಲ್ಲಿ ಆಧಾರ್‌ಗೆ ಆ ಖಾತೆಯ ಜೋಡಣೆ, ಆಗಿರಲೇಬೇಕು. ಅದಕ್ಕೆ ಬ್ಯಾಂಕಿನಲ್ಲಿ ಪ್ರತ್ಯೇಕ ಒಪ್ಪಿಗೆ ಪತ್ರ ಕೊಡಬೇಕು. ಒಂದು ಆಧಾರ್‌ಗೆ ಒಂದೇ ಖಾತೆ ಮ್ಯಾಪ್ ಆಗಿರುತ್ತದೆ. ಹಾಗಾಗಿ ಬೇರೆ ಬ್ಯಾಂಕಿನಲ್ಲಿ ಹೊಸದಾಗಿ ಸೀಡ್ ಮಾಡಿಸಿದ್ದರೆ ಹಣ ಅಲ್ಲಿಗೇ ಹೋಗಿರುತ್ತದೆ, ಹಳೆಯ ಪಾಸ್‌ಬುಕ್‌ನಲ್ಲಿ ಕಾಣುವುದಿಲ್ಲ. ಸೀಡಿಂಗ್ ಸರಿಯಿದ್ದರೆ ಪಡಿತರ ಚೀಟಿ ನೋಡಿ: ಯಜಮಾನಿಯಾಗಿ ಅರ್ಜಿ ಹಾಕಿದವರ ಹೆಸರೇ ಇದೆಯೇ, ಅದು ಆಧಾರ್‌ನಲ್ಲಿರುವ ಹೆಸರಿಗೆ ಹೊಂದುತ್ತದೆಯೇ, ಇ-ಕೆವೈಸಿ ಆಗಿದೆಯೇ? ಯಜಮಾನಿ ಅಥವಾ ಪತಿ ಆದಾಯ ತೆರಿಗೆ ಕಟ್ಟುತ್ತಿದ್ದರೆ ಅರ್ಹತೆಯಿಲ್ಲ.

ಶೌಚಾಲಯದ್ದು ಬೇರೆ ದಾರಿ. ಮುಖ್ಯ ಶಿಕ್ಷಕರ ಮೂಲಕ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ನಿರ್ಣಯ ಮಾಡಿಸಿ, ಪ್ರತಿಯನ್ನು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮತ್ತು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಇಬ್ಬರಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ಗ್ರಾಮಸಭೆಯಲ್ಲಿ ಬಾಯಿಮಾತಿನಲ್ಲಿ ಹೇಳಿ ಬಂದರೆ ಸಾಲದು. ನಡಾವಳಿ ಪುಸ್ತಕದಲ್ಲಿ ಬರೆಸಿ. ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ದಿನವಿಡೀ ಕಷ್ಟಪಡುವ ವಿಷಯವಿದು. ಮುಂದಿನ ಗ್ರಾಮಸಭೆಗೆ ಕಾಯದೆ ಈ ವಾರವೇ ಅರ್ಜಿ ಕೊಡಿ.